ದ್ವಾದಶಿಯ ಹಾವು

"ಒಲಿ ಹಿಂದ ಸುರುಳಿ ಸುತ್ತಿಕೊಂಡು ಕೂತದ್ದು ಏನಿದು?"

ತುಳಸಾಬಾಯಿ ಇದನ್ನು ಯಾರಿಗೂ ಕೇಳಿದ್ದಲ್ಲ. ಅಡುಗೆಮನೆಯಲ್ಲಿ ಅವರ ಹೊರತು ಇದ್ದದ್ದು ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ ಪಾಯಸ, ಮತ್ತು ಅದು. ಅದು ತಲೆ ಎತ್ತಿ ನಾಲಿಗೆ ಹೊರಚಾಚಿ ಉತ್ತರ ಕೊಟ್ಟಿತು. ತುಳಸಾಬಾಯಿ ಕೂಗಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಬಾಗಿಲು ಮುಂದೆ ಎಳೆದು, ಹಾಲು ಉಕ್ಕಿತು ಎಂದು ಹೇಳುವ ದನಿಯಲ್ಲೇ ಮಗನಿಗೆ ಹೇಳಿದರು.

"ಸುಶ್ಯಾ, ಅಡಗಿಮನ್ಯಾಗ ಹಾವು ಬಂದದ. ಹಿಡದು ಹೊರಗ ಹಾಕು. ಏಳೂ ನಲವತ್ತರ ಒಳಗ ಪಾರಣಿ ಆಗಬೇಕು."

ಆಗ ಏಳು ಗಂಟೆ ಹತ್ತು ನಿಮಿಷ. ನಿನ್ನೆ ಏಕಾದಶಿ. ಎಪ್ಪತ್ತಾರರ ತುಳಸಾಬಾಯಿ ಒಂದು ಗುಟುಕು ನೀರೂ ಮುಟ್ಟಿರಲಿಲ್ಲ. ಇವತ್ತು ದ್ವಾದಶಿ ಮುಗಿಯುವುದರೊಳಗೆ ಊಟ ಮಾಡದಿದ್ದರೆ ಆ ಉಪವಾಸವೆಲ್ಲ ನೀರಿನಲ್ಲಿ ಹೋಮ. ಅವರೊಬ್ಬರದೇ ಅಲ್ಲ, ಪಾರಣೆಗೆಂದು ಮಠದಿಂದ ಬಂದು ಪಡಸಾಲೆಯಲ್ಲಿ ಕೂತಿದ್ದ ಮೂವರು ಹಿರಿಯರದ್ದೂ. ಅವರಲ್ಲಿ ಹಿರಿಯರು ಎಂಬತ್ತೆರಡರ ವಿಠ್ಠಲಾಚಾರ್ಯರು. ಅವರು ಆಗಲೇ ಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಿದ್ದರು.

ಸುಶೀಂದ್ರ ಸವಣೂರಿನ ಶಾಲೆಯೊಂದರಲ್ಲಿ ಗಣಿತದ ಮಾಸ್ತರ. ನಲವತ್ತಾರು ವರ್ಷದಲ್ಲಿ ಅವನು ಹಿಡಿತಕ್ಕೆ ತಂದ ಅತಿ ಅಪಾಯದ ಪ್ರಾಣಿ ಎಂದರೆ ಏಳನೇ ಇಯತ್ತೆಯ ಬಿ ತುಕಡಿ. ಆದರೆ ದಿನಾ ಸಂಜೆ ಏಳಕ್ಕೆ ಟಿವಿ ಹಚ್ಚಿ ಕೂತನೆಂದರೆ ಅವನೇ ಬೇರೆ ಮನುಷ್ಯ. ಅದರಲ್ಲಿ ಚಡ್ಡಿ ಹಾಕಿದ ಕೆಂಪು ಮೋರೆಯವನೊಬ್ಬ ಹಾವು, ಮೊಸಳೆ, ಉಡ ಹಿಡಿಯುತ್ತಿದ್ದ. ಕನ್ನಡದಲ್ಲಿ ಅವನಿಗೆ ದನಿ ಕೊಟ್ಟವರು ಬಹಳ ಮಡಿವಂತರು. "ಈಗ ನಾನು ಈ ಸರ್ಪದ ಬಾಲವನ್ನು ಮೃದುವಾಗಿ ಹಿಡಿಯಲಿದ್ದೇನೆ" ಎನ್ನುತ್ತಿದ್ದರು. ಗಮಕಿ ಪದ್ಯ ಓದಿದರೆ ಪಕ್ಕದಲ್ಲಿ ಕೂತವರು ಅರ್ಥ ಹೇಳುವ ಹಾಗೆ, ಸುಶೀಂದ್ರ ಅದರ ಮೇಲೆ ವ್ಯಾಖ್ಯಾನ ಮಾಡುತ್ತಿದ್ದ. "ತಪ್ಪು ಮಾಡಿದಿ ಮಗನ. ಮೊದ್ಲ ಚೀಲದ ಬಾಯಿ ತಗೀಬೇಕಿತ್ತು. ನಾ ಆಗಿದ್ರ..." ಕಿಟಕಿ ತೆರೆದೇ ಇರುತ್ತಿತ್ತು. ಓಣಿಯೆಲ್ಲ ಕೇಳುತ್ತಿತ್ತು. ತುಳಸಾಬಾಯಿ ಮಾತ್ರ ಅವನ ಬೆನ್ನ ಹಿಂದೆ ಮಣೆ ಹಾಕಿಕೊಂಡು ಜಪಸರ ಹಿಡಿದು ಕೂತಿರುತ್ತಿದ್ದರು. ಅರೆಬತ್ತಲೆ ಓಡಾಡುವ ಆ ಗಂಡಸಿನ ಮುಖ ನೋಡಿದರೂ ಮೈಲಿಗೆ ಎಂಬುದು ಅವರ ಮತ.

"ಅವ್ವಾ, ಹಗ್ಗ ಇದ್ದೀತು, ಇನ್ನೊಮ್ಮೆ ನೋಡು. ಮಬ್ಬುಗತ್ತಲಿನ್ಯಾಗ ಹಗ್ಗಾನೂ ಹಾವಿನ್ಹಂಗ ಕಾಣ್ತದ," ಅಂದ ಸುಶೀಂದ್ರ.

ಪಡಸಾಲೆಯಿಂದ ವಿಠ್ಠಲಾಚಾರ್ಯರು ತಲೆ ಎತ್ತಿದರು. "ಅದು ಬ್ಯಾರೆಯವರ ಮತ ಸುಶೀಂದ್ರ. ನಮ್ಮಲ್ಲೆ ಜಗತ್ತು ಸತ್ಯ, ಹಾವೂ ಸತ್ಯ. ಏಳೂ ಹದಿನಾಲ್ಕು."

ಶಾಸ್ತ್ರ ಕೈಕೊಟ್ಟ ಮೇಲೆ ಸುಶೀಂದ್ರ ಫೋನಿಗೆ ಕೈಹಾಕಿದ. ಹಾವು ಹಿಡಿಯುವವರು ಶಿಗ್ಗಾವಿಯಲ್ಲಿದ್ದರು. ಬರಲು ಮುಕ್ಕಾಲು ತಾಸು ಬೇಕು ಎಂದರು.

"ಬರ್ಲಿ ಪಾಪ," ಎಂದರು ತುಳಸಾಬಾಯಿ. "ಬಂದು ಬಾವಿ ಕಟ್ಟಿ ಮ್ಯಾಲೆ ನಾಕು ತಂಬಿಗಿ ನೀರು ಹಾಕ್ಕೊಂಡು, ಒದ್ದಿ ಪಂಜಿ ಉಟ್ಟು ಒಳಗ ಹೋಗಬೇಕು ಮತ್ತ. ಮಡಿ ಅಡಗಿ ಅದ ಅಲ್ಲೆ."

ಈ ನಿಯಮ ಹೊಸದಲ್ಲ. ಹಿಂದೊಮ್ಮೆ ಸೊಸೆ ಪದ್ಮಜಾಳ ತಂದೆಯೇ ಚಹಾದ ಬಟ್ಟಲು ಇಡಲು ಹೊಸ್ತಿಲು ದಾಟಲು ಹೋಗಿ, ಬಾವಿಯ ದಾರಿ ಹಿಡಿದವರು. ಪದ್ಮಜಾ ಈಗ ಮನೆಯಲ್ಲಿರಲಿಲ್ಲ. ಹಿರೇಕೆರೂರಿಗೆ ತವರಿಗೆ ಹೋಗಿದ್ದಳು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಪಕ್ಕದ ಮನೆಯ, ಖಾರಾ-ಸೇವಿನ ಅಂಗಡಿಯ ಜಾಹೀದ ಕರಿಯುವ ಜಾರಿ ಸೌಟು ಕೈಯಲ್ಲಿ ಹಿಡಿದೇ ಓಡಿ ಬಂದ. ದಿನಾ ವೀಳ್ಯದೆಲೆ ತಂದುಕೊಡುವ ದುರಗವ್ವ ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕೂತಳು.

"ನಾ ಹೋಗಿ ಎಳಕೊಂಡ್ ಬರ್ತಿದ್ದೆ ಯವ್ವಾ," ಅಂದಳು ದುರಗವ್ವ. "ಎಲಿ ತ್ವಾಟದಾಗ ದಿನಾ ನೋಡ್ತೇವಿ. ಆದರ ನಿಮ್ಮ ಅಡಗಿಮನಿ ಬ್ಯಾಡಪ್ಪಾ. ಅದಕ್ಕಿಂತಾ ಹಾವಾ ಚಲೋ."

"ನೀವ್ಯಾಕ ಚಿಂತಿ ಮಾಡ್ತೀರಿ?" ಜಾಹೀದ ಫೋನು ತೆಗೆದು ವಿಡಿಯೋ ಶುರುಮಾಡಿದ. "ನಮ್ಮ ಮಾಸ್ತರ ಅದಾರ. ಮೂರು ವರ್ಸದಿಂದ ಗ್ವಾಡಿ ಆಚಿಂದ ಕೇಳಾಕತ್ತೇನಿ. ಆ ಟಿವಿಯಂವಗಾ ಬುದ್ಧಿ ಹೇಳ್ತಾರ. ಇದೇನ್ರಿ ಮಾಸ್ತರ, ನಿಮಗ ಖಾರಾ ತಿಂದಂಗ."

ಖಾರಾ ಎಂಬ ಮಾತು ಕೇಳಿ ಸುಶೀಂದ್ರ ಜಾಹೀದನ ಕಡೆ ದೈನ್ಯದಿಂದ ನೋಡಿದ. ನಿನ್ನೆ ಏಕಾದಶಿಯ ಮಧ್ಯಾಹ್ನ, ಶಾಲೆಯಿಂದ ಬರುವಾಗ, ಅವನ ಅಂಗಡಿಯ ಹಿಂದೆ ನಿಂತು ಎರಡು ಮುಷ್ಟಿ ತಿಂದದ್ದು ಅವರಿಬ್ಬರಿಗೇ ಗೊತ್ತಿತ್ತು. ಇಲ್ಲ ಎನ್ನುವ ಧೈರ್ಯ ಅಲ್ಲಿಗೆ ಮುಗಿಯಿತು.

ನಾಲ್ಕು ತಂಬಿಗೆ ನೀರು ಅವನ ತಲೆಯ ಮೇಲೆ ಬಿತ್ತು. ಒದ್ದೆ ಪಂಜಿ, ಹೆಗಲ ಮೇಲೆ ಒದ್ದೆ ಶಲ್ಯ, ಕೈಯಲ್ಲಿ ಹಿತ್ತಾಳೆಯ ಕೊಳಗ ಮತ್ತು ಅದಕ್ಕೊಂದು ತಾಟು.

"ಏಳೂ ಇಪ್ಪತ್ತಾರು," ಎಂದರು ವಿಠ್ಠಲಾಚಾರ್ಯರು.

"ಬಾಗಲಾ ಮುಚ್ಚಿಕೋ, ಹೊರಗ ಬಂದೀತು," ಎಂದರು ತುಳಸಾಬಾಯಿ. "ನಾ ಹಿತ್ತಲದಾಗ ತುಳಸಿಗೆ ನೀರು ಹಾಕಿ ಬರ್ತೇನಿ."

ಬಾಗಿಲು ಮುಚ್ಚಿತು. ಒಳಗೆ ಒಲೆಯ ಕೆಂಡದ ಬೆಳಕು. ಸುಶೀಂದ್ರ ಟಿವಿಯವನು ಹೇಳಿದ್ದನ್ನೆಲ್ಲ ನೆನಪಿಸಿಕೊಳ್ಳಲು ನೋಡಿದ. ನೆನಪಾದದ್ದು ತಾನು ಹೇಳಿದ್ದಷ್ಟೇ. ಒಲೆಯ ಹಿಂದಿನ ಸುರುಳಿ ಬಿಚ್ಚಿತು. ಬಿಚ್ಚುತ್ತಲೇ ಹೋಯಿತು, ಮುಗಿಯದ ಆಲಾಪದ ಹಾಗೆ. ಅದರ ತಲೆ ಅವನ ಕಾಲ ಹೆಬ್ಬೆರಳಿನಿಂದ ಗೇಣು ದೂರಕ್ಕೆ ಬಂದಾಗ ಸುಶೀಂದ್ರ ಕುಲದೇವರ ಹೆಸರಿನ ಮೊದಲ ಅಕ್ಷರ ಹೇಳಿದ. ಉಳಿದ ಅಕ್ಷರ ಹೇಳುವುದರೊಳಗೆ ನೆಲ ಮೇಲಕ್ಕೆ ಬಂದು ಅವನನ್ನು ಎತ್ತಿಕೊಂಡಿತು.

ಹೊರಗಿನವರಿಗೆ ಧಡ್ ಎಂದು ಕೇಳಿಸಿತು. ಆಮೇಲೆ ಪಾತ್ರೆಯ ಸದ್ದು.

"ಹಿಡದ್ರು ನೋಡ್ರಿ," ಅಂದ ಜಾಹೀದ, ಫೋನಿಗೆ.

ಸುಶೀಂದ್ರ ಕಣ್ಣು ಬಿಟ್ಟಾಗ ಒಲೆಯ ಹಿಂದೆ ಏನೂ ಇರಲಿಲ್ಲ. ಪಕ್ಕದಲ್ಲಿ ಕೊಳಗವಿತ್ತು. ಅದರ ಬಾಯಿಗೆ ತಾಟು, ತಾಟಿನ ಮೇಲಿಂದ ಅವನದೇ ಶಲ್ಯ, ಉಪ್ಪಿನಕಾಯಿ ಭರಣಿಗೆ ಕಟ್ಟುವಂಥ ಬಿಗಿ ಗಂಟು. ಒಳಗೆ ಏನೋ ಹೊರಳಿತು.

"ಆತೇನೋ ಸುಶ್ಯಾ?" ಪಡಸಾಲೆಯ ಬಾಗಿಲ ಆಚೆಯಿಂದ ತಾಯಿಯ ದನಿ. "ಏಳೂ ಮೂವತ್ನಾಕು."

ಅವನು ಕೊಳಗ ನೋಡಿದ, ತನ್ನ ಕೈ ನೋಡಿಕೊಂಡ. ಮೂರು ವರ್ಷ ನೋಡಿದ ವಿದ್ಯೆ, ಬುದ್ಧಿ ಮಲಗಿದರೂ ಕೈಯೇ ಮಾಡಿ ಮುಗಿಸಿರಬೇಕು. ಎದೆ ತುಂಬಿ ಬಂತು. ಬಾಗಿಲು ತೆಗೆದು ಕೊಳಗ ಹೊತ್ತು ಹೊರಗೆ ಬಂದ. ಓಣಿಯೆಲ್ಲ ಚಪ್ಪಾಳೆ ಹೊಡೆಯಿತು.

ದುರಗವ್ವ ತಾಟು ಒಂದಿಷ್ಟು ಸರಿಸಿ ಇಣುಕಿದಳು. "ಇದು ವಿಷಾ ಇಲ್ಲದ ಕ್ಯಾರಿ ಹಾವು. ಇಲಿ ತಿನ್ನಾಕ ಬಂದೈತಿ ಪಾಪ. ಕೊಡ್ರಿಲ್ಲೆ, ತ್ವಾಟಕ್ಕ ಬಿಡ್ತೇನಿ." ಅವಳ ಮಾತು ಯಾರೂ ಕೇಳಲಿಲ್ಲ. ಜಾಹೀದನ ಫೋನಿನಲ್ಲಿ ಅದು ಆಗಲೇ ನಾಗರಹಾವಾಗಿತ್ತು.

ಏಳೂ ಮೂವತ್ತೆಂಟಕ್ಕೆ ತೀರ್ಥ ತಗೊಂಡು ಎಲ್ಲರೂ ಎಲೆಯ ಮುಂದೆ ಕೂತರು. ತುಳಸಾಬಾಯಿಯೇ ಬಡಿಸಿದರು. ವಿಠ್ಠಲಾಚಾರ್ಯರು ಪಾಯಸ ಎರಡು ಸಲ ಹಾಕಿಸಿಕೊಂಡು, "ತುಳಸಾಬಾಯಿ, ನಿಮ್ಮ ಮಡೀನೇ ಮಡಿ. ಊರಾಗ ಬ್ಯಾರೆ ಕಡೆ ನಾ ನೀರೂ ಕುಡಿಯೂದಿಲ್ಲ," ಎಂದರು. ತುಳಸಾಬಾಯಿ ತಲೆ ತಗ್ಗಿಸಿ ಇನ್ನೊಂದು ಸೌಟು ಹಾಕಿದರು.

ಆ ದಿನ ಶಾಲೆಯಲ್ಲಿ ಪ್ರಾರ್ಥನೆಯ ನಂತರ ಮಾಸ್ತರರ ಭಾಷಣ. ಹಾವು ಆರು ಅಡಿ ಇತ್ತು. ಮಧ್ಯಾಹ್ನದ ಸುಟ್ಟಿಯಲ್ಲಿ ಎಂಟಾಯಿತು. ವಿಡಿಯೋ ಊರೂರು ತಿರುಗಿತು. ಚಿಕ್ಕೇರೂರಿನಿಂದ ಯಾರೋ ಫೋನು ಮಾಡಿ, ಗೋವಿನಜೋಳದ ಹೊಲದಲ್ಲಿ ಚಿರತೆಯ ಹೆಜ್ಜೆ ಕಂಡಿದೆ, ಆಯಿತವಾರ ಬಿಡುವಿದೆಯೇ ಎಂದು ಕೇಳಿದರು. ಹಿರೇಕೆರೂರಿನಿಂದ ಪದ್ಮಜಾಳ ಫೋನೂ ಬಂತು.

"ವಿಡಿಯೋದಾಗ ಇರೋರು ನೀವೇನ್ರಿ?"

"ನಾನಾ."

"ಜಿರಲಿ ಬಂದ್ರ ಕಾಟಿನ ಮ್ಯಾಲೆ ಹತ್ತಿ ನನ್ನ ಕರೀತಿದ್ರಿ," ಎಂದಳು ಅವಳು. ಆಮೇಲೆ, "ನಾಳೆ ಮುಂಜಾನೆ ಬಸ್ಸಿಗೆ ಬರ್ತೇನಿ. ಹುಷಾರ ಇರ್ರಿ," ಎಂದಳು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವಳ ದನಿಯಲ್ಲಿ ಇಂಥ ಮರ್ಯಾದೆ ಕೇಳಿರಲಿಲ್ಲ. ಸುಶೀಂದ್ರ ನೆಲಕ್ಕೆ ಕಾಲು ತಾಗದಂತೆ ಮನೆಗೆ ಬಂದ.

ಆರೂವರೆಗೆ ಬಾಗಿಲಲ್ಲಿ ಜೀಪು ನಿಂತಿತು. ಇಳಿದವರು ಅಕ್ಕಿಆಲೂರಿನ ಕರಬಸಪ್ಪ, ಅಕ್ಕಿ ಗಿರಣಿಯ ಯಜಮಾನರು.

"ಮಾಸ್ತರ, ಲಗೂ ನಡೀರಿ. ಗಿರಣಿಯಾಗ ಭತ್ತದ ಚೀಲದ ಮ್ಯಾಲ ನಾಗಪ್ಪ ಹೆಡಿ ಎತ್ತಿ ಕುಂತಾನ. ಆಳು ಮಕ್ಕಳು ಎಲ್ಲಾ ಹೊರಗ ನಿಂತಾರ."

"ಶಿಗ್ಗಾವಿಯವರಿಗೆ ಹೇಳ್ರಲ್ಲಾ," ಎಂದ ಸುಶೀಂದ್ರ.

"ಹೇಳಿದ್ವಿ. ಅವರು ಹಾನಗಲ್ಲಿನ್ಯಾಗ ಇನ್ನೊಂದು ಹಿಡ್ಯಾಕತ್ತಾರಂತ. 'ಸವಣೂರ ಮಾಸ್ತರ ಇರಾಕ ನಮ್ಮನ್ಯಾಕ ಕರೀತೀರಿ' ಅಂದ್ರು."

ಜಾಹೀದ ಆಗಲೇ ಜೀಪಿನ ಹಿಂದೆ ಹತ್ತಿ ಫೋನು ಒರೆಸುತ್ತಿದ್ದ. ಶಲ್ಯ ತರುತ್ತೇನೆಂದು ಸುಶೀಂದ್ರ ಒಳಗೆ ಓಡಿದ. ತುಳಸಾಬಾಯಿ ದೇವರ ಮುಂದೆ ದೀಪ ಹಚ್ಚಿ ಈಚೆ ಬರುತ್ತಿದ್ದರು.

"ಅವ್ವಾ, ಖರೇ ಹೇಳ್ತೇನಿ. ಮುಂಜಾನಿ ಹ್ಯಾಂಗ ಹಿಡದೆ ಅಂತ ನನಗ ಒಂದಿಷ್ಟೂ ನೆನಪಿಲ್ಲ. ಉಪಾಸಕ್ಕ ಚಕ್ಕರ ಬಂದಿತ್ತು."

"ಖಾರಾ ತಿಂದವರಿಗೆ ಉಪಾಸದ ಚಕ್ಕರ ಬರೂದಿಲ್ಲ. ನಿನ್ನೆ ನಿನ್ನ ಅಂಗೀ ಕಿಸೆದಾಗ ಪುಡಿ ಸಿಕ್ತು." ತುಳಸಾಬಾಯಿ ಬೇಸರವಿಲ್ಲದೆ ಹೇಳಿದರು. "ನೆನಪು ಹ್ಯಾಂಗ ಇರ್ತದ? ಹಿಡದಾಕಿ ನಾನು. ಅಡಗಿಮನಿ ಹಿತ್ತಲ ಬಾಗಲಾ ಚಿಲಕಾ ಹಾಕಿರಲಿಲ್ಲ."

ಸುಶೀಂದ್ರ ಕಂಬ ಹಿಡಿದುಕೊಂಡ. "ನೀನು? ಎಲ್ಲೆ ಕಲ್ತಿ?"

"ನಿನ್ನ ಬೆನ್ನಿನ ಹಿಂದ ಕೂತು. ನೀ ಮಾತಾಡ್ತಿದ್ದಿ, ನಾ ನೋಡ್ತಿದ್ದೆ. ಬಾಲ ಹಿಡದು, ತಲಿ ಕತ್ತಲಿ ಕಡೆ ತಿರುವಿದ್ರ ತಾನ ಒಳಗ ಹೋಗ್ತದ ಅಂತ ಪಾಪ ಅಂವಾ ಎಷ್ಟು ಸಲ ಹೇಳ್ಯಾನ."

"ಮತ್ತ ಜಪ?"

"ಜಾಹೀರಾತು ಬಂದಾಗ ಮಾಡ್ತಿದ್ದೆ. ಬೇಕಾದಷ್ಟು ಬರ್ತಾವಲ್ಲ."

ಹೊರಗೆ ಜೀಪು ಹಾರ್ನ್ ಹೊಡೆಯಿತು. ಸುಶೀಂದ್ರ ಕೈಮುಗಿದ. "ಅವ್ವಾ, ಹಂಗಾರ ಹೊರಗ ಬಂದು ಇದನ್ನ ಅವರಿಗೆ ಹೇಳಿಬಿಡು. ನನ್ನ ಜೀವಾ ಉಳಸು."

"ಏನಂತ ಹೇಳ್ಲಿ? ಹಾವು ಮುಟ್ಟಿದ ಕೈಲೆ ಪಾರಣಿ ಬಡಿಸಿದೆ ಅಂತ? ಸ್ನಾನಕ್ಕ ವ್ಯಾಳ್ಯಾ ಎಲ್ಲಿತ್ತು? ವಿಠ್ಠಲಾಚಾರ್ರಿಗೆ ಗೊತ್ತಾದ್ರ ಈ ವಯಸ್ಸಿನ್ಯಾಗ ಮತ್ತ ಉಪಾಸ ಕೂಡ್ತಾರ. ದೇವರ ಮುಂದ ನಾ ಆಗಲೇ ಹೇಳಿಕೊಂಡೇನಿ. ಅವನ ಹಾಸಿಗೀನಾ ಹಾವು, ಅಂವಾ ಏನೂ ಅನ್ನೂದಿಲ್ಲ. ಮಂದಿ ಹಂಗಲ್ಲ."

ಹಾರ್ನ್ ಮತ್ತೆ ಕೇಳಿಸಿತು, ಉದ್ದಕ್ಕೆ. "ಮಾಸ್ತರ, ಶಲ್ಯಾ ಸಿಗಲಿಲ್ಲೇನ್ರಿ?" ಎಂದ ಜಾಹೀದ.

"ಹೇಳಬ್ಯಾಡ, ನನ್ನ ಜೋಡಿ ಬಾ," ಸುಶೀಂದ್ರನ ದನಿ ಗಾಳಿ ಹೋದ ಹಾರ್ಮೋನಿಯಂ ಆಗಿತ್ತು. "ಗಿರಣಿ ಬಾಗಲಾ ಮುಚ್ಚಿಕೊಳ್ಳೋಣು. ನೀ ಹಿಡಿ, ನಾ ಕೊಳಗ ಹೊತಗೊಂಡು ಹೊರಗ ಬರ್ತೇನಿ. ಒಂದ ಸಲ, ಅವ್ವಾ."

ತುಳಸಾಬಾಯಿ ಮಗನ ತಲೆ ಸವರಿದರು. ಗೂಟದ ಮೇಲಿನ ಶಲ್ಯ ತೆಗೆದು ಅವನ ಹೆಗಲಿಗೆ ಹಾಕಿದರು. ಆಮೇಲೆ ಮಣೆಯನ್ನು ಗೋಡೆಯ ಬದಿಯಿಂದ ಎಳೆದು, ಇವತ್ತು ಮೊದಲ ಸಲ ಟಿವಿಯ ಎದುರಿಗೇ ಹಾಕಿಕೊಂಡು ಕೂತರು. ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ರಿಮೋಟು.

"ಒಲ್ಲೆಪ್ಪಾ," ಎಂದರು. "ಇವತ್ತ ಮೊಸಳೀದು ಅದ."