ಗುಂಡನ ವಿಳಾಸ

ಗುಂಡ ಸತ್ತದ್ದು ಸೋಪಿನಿಂದ.

ಗುಂಡ ಎಂದರೆ ಒಂದು ಮೀನು. ಹೆಬ್ಬೆರಳಿನಷ್ಟು ಉದ್ದ, ಕೇಸರಿ ಬಣ್ಣ, ನೆತ್ತಿಯ ಮೇಲೆ ಸಾಸಿವೆ ಕಾಳು ಅಂಟಿಸಿದಂಥ ಒಂದು ಕಪ್ಪು ಚುಕ್ಕೆ. ಅಡುಗೆಮನೆಯ ಕಿಟಕಿಯಲ್ಲಿ ಗಾಜಿನ ಬೋಗುಣಿಯೊಂದರಲ್ಲಿ ಅದರ ವಾಸ. ಬೋಗುಣಿ ತೊಳೆಯುವುದು ಯಾವಾಗಲೂ ಪಂಪು ರಿಪೇರಿಯವನ ಹೆಂಡತಿಯ ಕೆಲಸವಾಗಿತ್ತು. ಅವಳು ಹೋದ ಮೇಲೆ ನೀರು ಪಾಚಿಗಟ್ಟಿ ಒಳಗಿನ ಮೀನೇ ಕಾಣದಂತಾದಾಗ, ಅವನು ಒಂದು ಭಾನುವಾರ ಅಂಗಿಯ ತೋಳು ಮಡಚಿ, ಪಾತ್ರೆ ಸೋಪು ಹಾಕಿ ಅದನ್ನು ಫಳಫಳ ಹೊಳೆಯುವಂತೆ ಉಜ್ಜಿದ. ಉಜ್ಜುವುದರಲ್ಲಿ ತೋರಿಸಿದ ಉತ್ಸಾಹವನ್ನು ಜಾಲಿಸುವುದರಲ್ಲಿ ತೋರಿಸಲಿಲ್ಲ. ಊರಿನ ಅರ್ಧ ಮನೆಗಳ ತೊಟ್ಟಿಗೆ ನೀರು ಹತ್ತಿಸಿಕೊಡುವ ಮನುಷ್ಯನಿಗೆ ಒಂದು ಬೋಗುಣಿ ನೀರು ಒಲಿಯಲಿಲ್ಲ. ಸಂಜೆಯ ಹೊತ್ತಿಗೆ ಗುಂಡ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದ.

ಆಟ ಮುಗಿಸಿ ಬಂದ ಮಗಳು ಖಾಲಿ ಬೋಗುಣಿ ನೋಡಿದಳು. "ಗುಂಡ ಎಲ್ಲಪ್ಪ?"

"ಗುಂಡ ದೊಡ್ಡೋನಾಗ್ಬಿಟ್ಟ ಪುಟ್ಟಿ. ಇಲ್ಲಿ ಜಾಗ ಸಾಕಾಗಲ್ಲ ಅಂತ ದೊಡ್ಡ ಅಕ್ವೇರಿಯಂಗೆ ಕಳಿಸ್ದೆ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

ಮಾತು ಅಷ್ಟು ಸಲೀಸಾಗಿ ಬಂದುದಕ್ಕೆ ಕಾರಣವಿತ್ತು. ಅದರ ಅಚ್ಚು ಮನೆಯಲ್ಲಿ ಮೊದಲೇ ಇತ್ತು. ಹೆಂಡತಿ ತೀರಿಕೊಂಡಾಗ ಪುಟ್ಟಿ ಅತ್ತೆಯ ಮನೆಯಲ್ಲಿದ್ದಳು. "ಅಷ್ಟು ಚಿಕ್ಕ ಮಗೂಗೆ ಅದೆಲ್ಲ ಯಾಕೋ? ಅಮ್ಮ ದೊಡ್ಡಾಸ್ಪತ್ರೆಗೆ ಹೋಗಿದ್ದಾಳೆ ಅನ್ನು. ಚೆನ್ನಾಗಿ ನೋಡ್ಕೋತಾರೆ ಅನ್ನು. ನಿಧಾನಕ್ಕೆ ಮರೀತಾಳೆ" ಎಂದು ಅವನ ಅಕ್ಕ ಹೇಳಿಕೊಟ್ಟಿದ್ದಳು. ಅವನಿಗೂ ಅದೇ ಬೇಕಿತ್ತು. ಹೆಂಡತಿ ಸತ್ತಳು ಎಂಬ ಮಾತನ್ನು ಅವನಿನ್ನೂ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಅವಳಿಗೆಂದು ಹೊಲಿದ ಸುಳ್ಳನ್ನೇ ಸ್ವಲ್ಪ ಗಿಡ್ಡ ಮಾಡಿ ಗುಂಡನಿಗೂ ತೊಡಿಸಿದ.

ಅವನೊಬ್ಬನೇ ಹೇಳಿದ್ದರೆ ಸುಳ್ಳು ಹೆಬ್ಬೆರಳುದ್ದವೇ ಉಳಿಯುತ್ತಿತ್ತೋ ಏನೋ. ಆದರೆ ಅವರಿದ್ದ ಕಟ್ಟಡದಲ್ಲಿ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗದೆ ಇರುತ್ತಿರಲಿಲ್ಲ. ಮಹಡಿ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಲೇ ಮೇಲಿನಿಂದ ಕೂಗಿದಳು: "ಪುಟ್ಟೀ, ನಿಮ್ಮ ಗುಂಡ ಈಗ ನನ್ನ ಮೊಳಕೈ ಉದ್ದ ಆಗಿದ್ದಾನಂತೆ! ಕರೆದ್ರೆ ಓಡಿ ಬರ್ತಾನಂತೆ!" ಕೆಳಮನೆಯ ನಿವೃತ್ತ ಮೇಷ್ಟ್ರು, ಯಾವ ವಿಷಯವನ್ನೂ ಅರ್ಧಕ್ಕೆ ಬಿಡುವವರಲ್ಲದ್ದರಿಂದ, "ಅಂಥ ಕಡೆ ಎಲ್ಲಕ್ಕೂ ಹೆಸರು ಬರೆದು ಬೋರ್ಡ್ ಹಾಕಿರ್ತಾರೆ ಮಗು" ಎಂದು ಸೇರಿಸಿದರು. ಅಮ್ಮನ ವಿಷಯದಲ್ಲೂ ಇವರು ಹೀಗೇ ಕೈಜೋಡಿಸಿದ್ದರು. ಆ ದೊಡ್ಡಾಸ್ಪತ್ರೆಯಲ್ಲಿ ಅಮ್ಮನಿಗೆ ಕಿಟಕಿ ಪಕ್ಕದ ಮಂಚ ಕೊಟ್ಟವಳು ಮಹಡಿಯವಳು. ಕೋಣೆಯ ಬಾಗಿಲಿಗೆ ಅಮ್ಮನ ಹೆಸರಿನ ಫಲಕ ಹಾಕಿಸಿದವರು ಮೇಷ್ಟ್ರು.

ಬೇಸಿಗೆ ರಜೆ ಬಂತು. ಕಟ್ಟಡದವರೆಲ್ಲ ಸೇರಿ ಒಂದು ದಿನದ ಪ್ರವಾಸ ಹೋಗುವುದೆಂದಾಯಿತು. ಮೇಷ್ಟ್ರು ಎಲ್ಲರ ಮುಂದೆ ಎದ್ದು ನಿಂತು, ಅಕ್ವೇರಿಯಂ, ಅದರ ಹಿಂದೆಯೇ ಸಣ್ಣ ಮೃಗಾಲಯ, ಮಕ್ಕಳಿಗೆ ಜ್ಞಾನ, ದೊಡ್ಡವರಿಗೆ ನೆರಳು ಎಂದು ಘೋಷಿಸಿದರು.

ಪಂಪಿನವನು ಮೆಲ್ಲಗೆ ಕೈ ಎತ್ತಿದ. "ಮೇಷ್ಟ್ರೇ, ಬೇರೆ ಎಲ್ಲಾದ್ರೂ... ಗುಡ್ಡ ಗಿಡ್ಡ..."

"ಗುಡ್ಡ ಹತ್ತೋಕೆ ನನ್ನ ಮಂಡಿಗೆ ನಿನ್ನ ಪಂಪು ಜೋಡಿಸ್ತೀಯೇನಪ್ಪ?"

ಎಲ್ಲರೂ ನಕ್ಕರು. ತೀರ್ಮಾನವಾಗಿಹೋಯಿತು.

ಹೊರಡುವ ದಿನ ಜ್ವರ ಬಂದವನಂತೆ ಹೊದ್ದು ಮಲಗುವ ಯೋಚನೆ ಅವನಿಗಿತ್ತು. ಕಣ್ಣು ಬಿಟ್ಟರೆ, ಪುಟ್ಟಿ ಆಗಲೇ ಶೂ ಹಾಕಿಕೊಂಡು ಮಂಚದ ಪಕ್ಕ ನಿಂತಿದ್ದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕೈಯಲ್ಲಿ ಗುಂಡನ ಮೇವಿನ ಡಬ್ಬಿ.

ಬಸ್ಸಿನಲ್ಲಿ ಅವನು ಮಹಡಿಯವಳ ಹಿಂದಿನ ಸೀಟು ಹಿಡಿದು, ಅವಳ ಕಿವಿಯ ಹತ್ತಿರ ಬಗ್ಗಿದ. "ಅಕ್ಕಾ, ಮೊಳಕೈ ಉದ್ದ ಅಂದ್ಬಿಟ್ರಲ್ಲ. ಈಗ ನಾನು ಎಲ್ಲಿಂದ ತರ್ಲಿ?"

"ಬಿಡಣ್ಣ, ಮಕ್ಕಳಿಗೆ ಏನು ಗೊತ್ತಾಗುತ್ತೆ? ಯಾವ್ದೋ ಒಂದು ತೋರಿಸಿದ್ರಾಯ್ತು. ನಾನಿದ್ದೀನಲ್ಲ!"

ಅವಳು ಇದ್ದಾಳೆ ಎಂಬುದೇ ಅವನ ಭಯವಾಗಿತ್ತು. ಗುಂಡ ಸಿಗಲಿಲ್ಲವೆಂದರೆ ಅಪ್ಪ ಸುಳ್ಳು ಹೇಳಿದನೆಂದು ಮಗಳಿಗೆ ತಿಳಿಯುತ್ತದೆ. ಒಂದು ಸುಳ್ಳಿನ ದಾರ ಎಳೆದರೆ ಇನ್ನೊಂದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗುಂಡ ಇಲ್ಲ ಎಂದ ಮೇಲೆ ಅಮ್ಮ ಎಲ್ಲಿ ಎಂದು ಕೇಳಿದರೆ?

"ಅಪ್ಪಾ" ಎಂದಳು ಪುಟ್ಟಿ, ಕಿಟಕಿಯಾಚೆ ನೋಡುತ್ತ. "ಗುಂಡ ಅಲ್ಲಿ ಇಲ್ದಿದ್ರೆ?"

"ಇರ್ತಾನೆ."

"ಇಲ್ದಿದ್ರೆ ಹೇಳ್ಬಿಡಪ್ಪ. ನಾನು ಅಳಲ್ಲ."

"ಇದ್ದೇ ಇರ್ತಾನೆ ಕಣೆ!" ಎಂದು ಅವನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ.

ಅಕ್ವೇರಿಯಂ ಒಳಗೆ ನೀಲಿ ಕತ್ತಲು, ಗೋಡೆ ತುಂಬ ಗಾಜಿನ ತೊಟ್ಟಿಗಳು. ಇಸ್ತ್ರಿಪೆಟ್ಟಿಗೆಯಂಥ ಮೀನು, ಹರಿದ ಕರವಸ್ತ್ರದಂಥ ಮೀನು, ಸಾಲ ಕೊಟ್ಟವನನ್ನು ಕಂಡವನಂತೆ ಕಲ್ಲಿನ ಸಂದಿಗೆ ನುಗ್ಗುವ ಮೀನು, ಎಲ್ಲವೂ ಇದ್ದವು. ಪುಟ್ಟಿ ಪ್ರತಿ ತೊಟ್ಟಿಗೂ ಮೂಗು ಅಂಟಿಸಿ "ಗುಂಡಾ" ಎಂದು ಕರೆದಳು. ಯಾವುದೂ ತಿರುಗಿ ನೋಡಲಿಲ್ಲ.

"ಇಗೋ ಇಲ್ಲಿದ್ದಾನೆ!" ಎಂದು ಮಹಡಿಯವಳು ಕಿರುಚಿದಳು.

"ಅದು ಹಾವು ಮೀನು" ಎಂದು ಮೇಷ್ಟ್ರು ಕನ್ನಡಕ ಏರಿಸಿ ಬೋರ್ಡು ಓದಿದರು. "ಕಲ್ಲಿನ ಬಿಲಗಳಲ್ಲಿ ವಾಸ. ಹಲ್ಲು ಬಹಳ ಚೂಪು."

"ಗುಂಡಂಗೆ ಹಲ್ಲು ಬಂದಿರ್ಬಹುದು" ಎಂದಳು ಮಹಡಿಯವಳು, ಬಿಟ್ಟುಕೊಡದೆ.

"ಆಂಟಿ, ಅದು ಕಪ್ಪಗಿದೆ" ಎಂದಳು ಪುಟ್ಟಿ ತಾಳ್ಮೆಯಿಂದ.

ಇಡೀ ಸಾಲು ಮುಗಿಯುತ್ತ ಬಂತು. ಕೇಸರಿ ಬಣ್ಣದ್ದು ಒಂದೂ ಇಲ್ಲ. ಪಂಪಿನವನ ಎದೆ ಗಾಳಿ ಹಿಡಿದ ಪಂಪಿನಂತೆ ಡಬಡಬ ಬಡಿಯತೊಡಗಿತು. ಪುಟ್ಟಿಯನ್ನು ಮೇಷ್ಟ್ರ ಕೈಗೆ ಒಪ್ಪಿಸಿ, ಮೂತ್ರಕ್ಕೆ ಹೋಗುವವನಂತೆ ಕಿರುಬೆರಳು ಎತ್ತಿ ತೋರಿಸಿ, ಕೊನೆಯಲ್ಲಿದ್ದ 'ಸಿಬ್ಬಂದಿಗೆ ಮಾತ್ರ' ಎಂಬ ಬಾಗಿಲಿಗೆ ನುಗ್ಗಿದ. ಒಳಗೆ ಯಾರಾದರೂ ಸಿಕ್ಕರೆ ಕೈಮುಗಿದು ಒಂದು ಕೇಸರಿ ಮೀನು ಕೇಳುವುದು ಅವನ ಉಪಾಯ.

ಒಳಗಿದ್ದ ಕಾವಲುಗಾರ ಎದ್ದು ನಿಂತ. "ಏಯ್, ಯಾರದು?"

ಗಾಬರಿಯಲ್ಲಿ ಅವನ ಬಾಯಿಂದ ಆ ದಿನದ ಏಕೈಕ ಸತ್ಯ ಹೊರಬಿತ್ತು. "ಪಂಪು ರಿಪೇರಿ."

"ಅಯ್ಯೋ ಪುಣ್ಯಾತ್ಮ, ಈಗ ಬಂದ್ಯಾ! ಮೊನ್ನೆಯಿಂದ ಕಾಯ್ತಾ ಇದ್ದೀವಿ!"

"ಅಲ್ಲ, ನಾನು..."

"ಮಾತು ಆಮೇಲೆ. ಆಮೆ ಮನೆ ನೀರು ಗಬ್ಬು ನಾರ್ತಿದೆ. ಹಾಕ್ಕೋ ಬೂಟು!"

ಮಂಡಿಯವರೆಗಿನ ರಬ್ಬರ್ ಬೂಟು ಅವನ ಕಾಲಿಗೂ, ಸ್ಪ್ಯಾನರು ಅವನ ಕೈಗೂ ಬಂದವು. ಹಿಂದಿನಿಂದ ಯಾರೋ ತಳ್ಳಿದರು. ಕಣ್ಣು ಹೊಂದಿಕೊಂಡಾಗ ಅವನು ಕೃತಕ ಬಂಡೆಗಳ ನಡುವೆ, ಮೊಣಕಾಲು ಮಟ್ಟದ ಹಸಿರು ನೀರಿನಲ್ಲಿ ನಿಂತಿದ್ದ. ಪಕ್ಕದಲ್ಲಿ ರುಬ್ಬುವ ಕಲ್ಲಿನಂಥ ಒಂದು ಆಮೆ. ಎದುರಿಗೆ ಆಳೆತ್ತರದ ಗಾಜು. ಗಾಜಿನಾಚೆ ಅವನ ಇಡೀ ಕಟ್ಟಡ.

"ಅಪ್ಪ!" ಎಂದು ಪುಟ್ಟಿ ಎರಡೂ ಕೈ ಬೀಸಿದಳು. "ಅಪ್ಪ ಗುಂಡನ್ನ ಹುಡುಕೋಕೆ ಒಳಗೇ ಹೋಗಿದ್ದಾರೆ!"

ಬೇರೆ ಊರಿನ ಪ್ರವಾಸಿಗಳೂ ಸೇರಿಕೊಂಡರು. ಮೇಷ್ಟ್ರು ಅಭ್ಯಾಸಬಲದಿಂದ ಗಾಜಿನ ಪಕ್ಕದ ಬೋರ್ಡಿನತ್ತ ತಿರುಗಿ, ಹಿಂದಿನ ಸಾಲಿಗೂ ಕೇಳುವಂತೆ ಓದಿದರು: "ನಿಧಾನವಾಗಿ ಚಲಿಸುತ್ತದೆ. ಯಾರಿಗೂ ತೊಂದರೆ ಕೊಡುವುದಿಲ್ಲ. ಅಪಾಯ ಕಂಡರೆ ತಲೆ ಒಳಗೆಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಒಂಟಿ ಜೀವನ."

ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮಾತ್ರ ಕೊನೆಯ ವಾಕ್ಯ ಓದಿದ ಮೇಲೆ ಗಾಜಿನೊಳಗೆ ನೋಡಿ, ಓದಬಾರದಿತ್ತು ಎಂಬಂತೆ ಕನ್ನಡಕ ಇಳಿಸಿದರು. ನಡುವಯಸ್ಸಿನ ಗಂಡಸೊಬ್ಬ ಪ್ಯಾಂಟು ಒದ್ದೆ ಮಾಡಿಕೊಂಡು, ಸ್ಪ್ಯಾನರ್ ಹಿಡಿದು, ಮಗಳಿಗೆ ನಗುನಗುತ್ತ ಕೈಬೀಸುತ್ತಿದ್ದ. ಅವನಿಗೆ ಹೊರಗಿನದೊಂದೂ ಕೇಳಿಸುತ್ತಿರಲಿಲ್ಲ.

ಬಂದ ಮೇಲೆ ಇನ್ನೇನು ಮಾಡುವುದು, ಪಂಪು ಬಿಚ್ಚಿದ. ಒಳಗೆ ಯಾರೋ ಎಸೆದ ಬಿಸ್ಕತ್ತಿನ ಪೊಟ್ಟಣ ಸಿಕ್ಕಿಕೊಂಡಿತ್ತು. ತೆಗೆದೊಡನೆ ಪಂಪು ಹಳೆಯ ಗೆಳೆಯನಂತೆ ಗೊಣಗುತ್ತ ಓಡತೊಡಗಿತು. ಆಗ ಮೀನಿಗೆ ಮೇವು ಹಾಕುವ ಮುದುಕ ಬಕೆಟ್ ಹಿಡಿದು ಬಂದ. ಪಂಪಿನವನು ಅಲ್ಲೇ ನೀರಿನಲ್ಲಿ ನಿಂತು ಅವನಿಗೆ ಗುಂಡನ ಕತೆ ಹೇಳಿದ. ಸೋಪಿನಿಂದ ಶುರುಮಾಡಿದವನು ದೊಡ್ಡಾಸ್ಪತ್ರೆಯವರೆಗೆ ಹೇಳಿಬಿಟ್ಟ.

ಮುದುಕನಿಗೆ ಆಶ್ಚರ್ಯವೇನೂ ಆಗಲಿಲ್ಲ. "ರಜೆ ಬಂದ್ರೆ ಸಾಕು, ನಿಮ್ಮಂಥೋರು ಬರ್ತಾನೇ ಇರ್ತಾರೆ. ಮೊಲ ಇಲ್ಲಿಗೆ ಕಳಿಸಿದ್ದೀವಿ ಅಂದೋರು, ಗಿಣಿ ಕಳಿಸಿದ್ದೀವಿ ಅಂದೋರು. ಒಬ್ಬ ನಾಯಿ ಕೇಳ್ಕೊಂಡು ಬಂದಿದ್ದ. ನಾಯಿ ಎಲ್ಲಿಂದ ಕೊಡ್ಲಿ ಹೇಳಿ?"

"ಹೆಬ್ಬೆರಳಷ್ಟು ಕೇಸರಿ ಮೀನು ಒಂದಾದ್ರೂ..."

"ಅಷ್ಟು ಚಿಕ್ಕವು ಬುಟ್ಟಿಗಟ್ಟಲೆ ಬರ್ತಾವೆ. ಆದ್ರೆ ಮಧ್ಯಾಹ್ನದೊಳಗೆ ದೊಡ್ಡ ಮೀನುಗಳು ಅವನ್ನ ಮುಗಿಸಿಬಿಡ್ತಾವೆ." ಅವನ ಮುಖ ಕಂಡು ಮುದುಕ ದನಿ ತಗ್ಗಿಸಿದ. "ಮೊಳಕೈ ಉದ್ದ ಅಂತ ಯಾರೋ ಅಂದಿದ್ದಾರೆ ಅಂದ್ರಲ್ಲ? ಮೃಗಾಲಯದ ಕಡೆ ಕೊಳದಲ್ಲಿ ಇದ್ದಾವೆ ಅಂಥವು. ಕೇಸರಿ ಮೈ, ಕಪ್ಪು ಚುಕ್ಕೆ. ನಾನು ಬಕೆಟ್ ತಗೊಂಡು ದಂಡೆಗೆ ಬಂದ್ರೆ ಎಲ್ಲ ನುಗ್ಗಿ ಬರ್ತಾವೆ. ಮಗು ಆವಾಗ್ಲೇ ಕೂಗ್ಲಿ. ಯಾವ ಹೆಸರು ಕೂಗಿದ್ರೂ ಬರ್ತಾವೆ."

ಪಂಪಿನವನಿಗೆ ಮುದುಕನ ಕಾಲಿಗೆ ಬೀಳುವ ಹಾಗಾಯಿತು. ನೀರು ಅಡ್ಡಬಂತು.

ಕೊಳದ ಸುತ್ತ ಕಟ್ಟಡದವರೆಲ್ಲ ನೆರೆದರು. ಮೇಲಿನ ಪಂಜರದಿಂದ ಒಂದು ಮುದಿ ಕೋತಿ ಕೂಡ ಕಂಬಿ ಹಿಡಿದು ಬಗ್ಗಿ ನೋಡುತ್ತಿತ್ತು. ಮುದುಕ ಬಕೆಟ್ ಎತ್ತಿ ಕಣ್ಣು ಮಿಟುಕಿಸಿದ.

"ಕೂಗು ಪುಟ್ಟಿ" ಎಂದ ಪಂಪಿನವನು.

ಪುಟ್ಟಿ ಕೂಗಲಿಲ್ಲ. ಮೇವಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. ಆಮೇಲೆ, ಬರದಿದ್ದರೂ ಬೇಜಾರಿಲ್ಲ ಎಂಬಂಥ ಸಣ್ಣ ದನಿಯಲ್ಲಿ, "ಗುಂಡಾ" ಎಂದಳು.

ಹಸಿರು ನೀರು ಸೀಳಿಕೊಂಡು ಮೊಳಕೈ ಉದ್ದದ ಕೇಸರಿ ಮೀನು ದಂಡೆಗೇ ಬಂದು ಬಾಯಿ ತೆರೆಯಿತು. ನೆತ್ತಿಯ ಮೇಲೆ ಕಪ್ಪು ಚುಕ್ಕೆ.

ಪುಟ್ಟಿ ಮೇಷ್ಟ್ರ ತೋಳು ಎಳೆದು, ದಂಡೆಯ ಫಲಕದ ಕಡೆ ಬೆರಳು ತೋರಿಸಿ, "ತಾತಾ, ಅಲ್ಲಿ ಗುಂಡ ಅಂತ ಬರೆದಿದ್ಯಾ?" ಎಂದಳು.

ಫಲಕದಲ್ಲಿ 'ಕೊಳಕ್ಕೆ ಕಲ್ಲು ಎಸೆಯಬಾರದು' ಎಂದಿತ್ತು. ಬರೆದದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಓದದೆ ಮುದುಕರಾದ ಮೇಷ್ಟ್ರು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, "ಗುಂಡ" ಎಂದು ಓದಿದರು. "ಬಣ್ಣ ಕೇಸರಿ. ಕರೆದರೆ ಬರುತ್ತಾನೆ."

ಮಹಡಿಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೋ ಚಪ್ಪಾಳೆ ತಟ್ಟಿದರು. ಮಗಳನ್ನು ಎತ್ತಿಕೊಳ್ಳಲು ಮುಂದೆ ಬಂದ ಪಂಪಿನವನು ಪಾಚಿಯ ಮೇಲೆ ಕಾಲಿಟ್ಟು, ಕುಳಿತ ಭಂಗಿಯಲ್ಲೇ ಕೊಳಕ್ಕೆ ಇಳಿದ. ಸೊಂಟದವರೆಗೆ ನೀರಿನಲ್ಲಿ ಕೂತು, ಸುತ್ತ ಹತ್ತಾರು ಗುಂಡಂದಿರು ಬಾಯಿ ಆಡಿಸುತ್ತಿರಲು, ಅವನು ನಕ್ಕ. ಹೆಂಡತಿ ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ಬಸ್ಸು ಹತ್ತುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವನು ಸೀಟಿನ ಮೇಲೆ ಹಳೆಯ ಪೇಪರು ಹಾಸಿ ಒದ್ದೆ ಪ್ಯಾಂಟಿನಲ್ಲಿ ಕೂತ. ಪುಟ್ಟಿ ಶೂ ಕಳಚಿ ಅವನಿಗೆ ಒರಗಿಕೊಂಡಳು.

"ಅಪ್ಪಾ, ನಿಂಗೊಂದು ಹೇಳ್ಲಾ? ಬೈಬಾರ್ದು."

"ಇಲ್ಲ ಹೇಳು."

"ಪಕ್ಕದ ಮನೆ ಹುಡುಗಿ ಇದ್ದಾಳಲ್ಲ, ಅವಳು ನಿಮ್ಮಮ್ಮ ಆಸ್ಪತ್ರೇಲಿಲ್ಲ, ಸತ್ತೋಗಿದ್ದಾರೆ ಅಂದ್ಲು. ನಿಮ್ಮ ಮೀನೂ ಸತ್ತೋಗಿದೆ, ನಿಮ್ಮಪ್ಪ ಎರಡೂ ಸುಳ್ಳು ಹೇಳಿದ್ದಾರೆ ಅಂದ್ಲು."

ಅವಳ ತಲೆ ಸವರುತ್ತಿದ್ದ ಅವನ ಕೈ ಅಲ್ಲೇ ನಿಂತಿತು.

"ನಾನೂ ಹೌದೇನೋ ಅನ್ಕೊಂಡೆ. ಅದಕ್ಕೇ, ಗುಂಡ ಇಲ್ಲ ಅಂದ್ರೆ ಅಮ್ಮನೂ ಇಲ್ಲ ಅಂತ ಅನ್ಕೊಂಡು ಬಂದಿದ್ದೆ. ಅಳಬಾರ್ದು, ಅಪ್ಪಂಗೆ ಬೇಜಾರಾಗುತ್ತೆ ಅಂತ ರಾತ್ರೀನೇ ಎಲ್ಲ ಅತ್ತು ಮುಗಿಸಿದ್ದೆ." ಅವಳ ಮುಖ ತೊಳೆದ ಬೋಗುಣಿಯಂತೆ ಹೊಳೆಯುತ್ತಿತ್ತು. "ಆದ್ರೆ ಗುಂಡ ಇದ್ದಾನಲ್ಲಪ್ಪ!"

ಡ್ರೈವರು ಇಂಜಿನ್ ಶುರುಮಾಡಿ ಹಿಂದೆ ತಿರುಗಿದ. ಅವನು ಬಾಡಿಗೆ ಬಸ್ಸಿನವನು, ಕಟ್ಟಡದ ಸಮಾಚಾರ ಅವನಿಗೇನೂ ತಿಳಿಯದು. "ಎಲ್ಲ ಹತ್ತಿದ್ರಾ? ಇನ್ನು ಮನೆ ಕಡೆಗೆ ತಾನೇ?"

ಪುಟ್ಟಿ ಸೀಟಿನ ಮೇಲೆ ಎದ್ದು ನಿಂತಳು. "ಇಲ್ಲ ಮಾಮ, ದೊಡ್ಡಾಸ್ಪತ್ರೆಗೆ! ಅಲ್ಲಿ ನಮ್ಮಮ್ಮ ಇದ್ದಾರೆ."

ಮುಂದಿನ ಸೀಟುಗಳಲ್ಲಿ ತಲೆಗಳು ಒಂದೊಂದಾಗಿ ಹಿಂದೆ ತಿರುಗಿದವು.

"ಓಹೋ, ಅದಕ್ಕೇನಂತೆ, ಹೋಗೋಣ" ಎಂದ ಡ್ರೈವರು. ಮಕ್ಕಳೊಂದಿಗನಿರಬೇಕು. "ಯಾವ ದೊಡ್ಡಾಸ್ಪತ್ರೆ ಮರಿ? ಎಲ್ಲಿದೆ?"

"ಮಹಡಿ ಆಂಟಿಗೆ ಗೊತ್ತು. ಅಮ್ಮನ ಮಂಚ ಕಿಟಕಿ ಪಕ್ಕ ಇದೆ ಅಂತ ಅವರೇ ಹೇಳಿದ್ರು."

ಡ್ರೈವರು ಮಹಡಿಯವಳ ಕಡೆ ನೋಡಿದ. ಅವಳು ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

"ತಾತಂಗೂ ಗೊತ್ತು. ಬಾಗಿಲಲ್ಲಿ ಅಮ್ಮನ ಹೆಸರು ಬರೆದಿದೆ ಅಂದ್ರು."

ಮೇಷ್ಟ್ರು ಕಿಟಕಿಯಾಚೆಯ ಗೋಡೆಯನ್ನು ನೋಡುತ್ತಿದ್ದರು. ಆ ಗೋಡೆಯ ಮೇಲೆ ಓದಲು ಏನೂ ಇರಲಿಲ್ಲ.

"ಇದೇನ್ರೀ ಇದು" ಎಂದು ಡ್ರೈವರು ನಕ್ಕ. "ಎಲ್ಲಾರೂ ನೋಡಿದ್ದೀರಿ, ದಾರಿ ಮಾತ್ರ ಯಾರಿಗೂ ಗೊತ್ತಿಲ್ವಾ?"

ಪಂಪು ರಿಪೇರಿಯವನು ಎದ್ದು ನಿಂತ. ಪ್ಯಾಂಟಿನಿಂದ ನೀರು ಬಸ್ಸಿನ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆದ. ಕೊಳದ ದಂಡೆಗೆ ಬಂದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದನೇ ಹೊರತು ಏನೂ ಹೊರಡಲಿಲ್ಲ.

ಅಪ್ಪ ಎದ್ದದ್ದು ಕಂಡು, ಇಳಿಯುವ ಜಾಗ ಹತ್ತಿರವೇ ಇರಬೇಕೆಂದು ಪುಟ್ಟಿ ಕೂತು ಶೂ ಹಾಕಿಕೊಳ್ಳತೊಡಗಿದಳು. ಈ ಸಲ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.