ಮುದ್ದೆ ತಿನ್ನದ ನಾಯಿ

ನನ್ನ ಸೋದರಮಾವನಂಥ ಪುಕ್ಕಲ ವೀರನಹೊಸಹಳ್ಳಿಯಲ್ಲಿ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ! ಹಲ್ಲಿ ಲೊಚಗುಟ್ಟಿದರೆ ಪ್ರಯಾಣ ರದ್ದು. ಹುಂಜ ಎದುರಾದರೆ ದಾರಿ ಬಿಡುವುದು ಮಾವನೇ. ಕಾಡಂಚಿನ ಊರಿನಲ್ಲಿ ಇಂಥವನು ಬದುಕಿದ್ದು ಹೇಗೆ ಎನ್ನುತ್ತೀರಾ? ಅದಕ್ಕೇ ನಾಯಿ ತಂದದ್ದು!

ಸಾಕಿದ್ದು ಮಾತ್ರ ಹುಲಿಯಂತೆ. ಊರ ನಾಯಿಗಳೆಲ್ಲ ಮುದ್ದೆಯ ಚೂರು, ಬಾಡೂಟದ ಮೂಳೆ ತಿಂದು ಬೆಳೆದರೆ, ರಾಜ ಎಂಬ ಈ ಮರಿಗೆ ಮೂಳೆ ಬಿಡಿಸಿದ ಬರೀ ಮಾಂಸ.

"ಏನ್ರೀ, ನಾಯಿ ಬಾಡು ತಿನ್ಬೇಕು, ನಾನು ಮೂಳೆ ಚೀಪ್ಬೇಕಾ?" ಎಂದಳು ಅತ್ತೆ.

"ಮೂಳೆ ಗಂಟ್ಲಿಗೆ ಸಿಗಾಕ್ಕಂಡ್ರೆ ಏನ್ ಗತಿ ಕಣೇ!"

"ಯಾರ ಗಂಟ್ಲಿಗೆ? ನಂದಕ್ಕಾ, ಅದರದಕ್ಕಾ?"

ಮಾವ ಮರಿಯ ತಟ್ಟೆಗೆ ಇನ್ನೊಂದು ತುಂಡು ಹಾಕಿದ.

ಐದು ತಿಂಗಳಾಗುವಷ್ಟರಲ್ಲಿ ರಾಜನ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು. ಎದ್ದು ನಿಂತರೆ ಕುಂಯ್‌ಗುಟ್ಟಿ ಕುಸಿಯುತ್ತಿತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಮಾವ ನಾಯಿಯನ್ನು ಕುಕ್ಕೆಯಲ್ಲಿ ಮಲಗಿಸಿ, ನನ್ನನ್ನು ಜೊತೆ ಮಾಡಿಕೊಂಡು ಹುಣಸೂರಿನ ದನದ ಆಸ್ಪತ್ರೆಗೆ ಹೊರಟ.

"ಊಟಕ್ಕೆ ಏನು ಹಾಕ್ತೀರಿ?" ಡಾಕ್ಟರು ಕೇಳಿದರು.

"ಬರೀ ಬಾಡು ಸ್ವಾಮಿ. ಒಂದ್ ಮೂಳೆ ಸೋಕ್ಸಿಲ್ಲ!" ಮಾವನಿಗೆ ಹೆಮ್ಮೆ.

"ಅದಕ್ಕೇ ಹೀಗಾಗಿದೆ. ಬರೀ ಮಾಂಸದಲ್ಲಿ ಸುಣ್ಣದ ಅಂಶ ಸಾಲದು, ಇದರ ಮೂಳೆ ಮೆತ್ತಗಾಗಿದೆ. ಹಾಲು, ರಾಗಿ ಅಂಬಲಿ, ನಾನು ಕೊಡೋ ಮೂಳೆ ಪುಡಿ ಹಾಕಿ. ತಿಂಗಳು ಪೂರ್ತಿ ಓಡಾಡಿಸಬೇಡಿ. ಜೋರಾಗಿ ಕುಲುಕಿದರೂ ಕಾಲು ಮುರಿದೀತು. ಮುರಿದರೆ ಇದು ಮತ್ತೆ ಏಳೋದು ಕಷ್ಟ."

"ರಾಗಿನಾ?" ಮಾವನ ಮುಖ ಬಾಡಿತು. "ಅದು ನಾವ್ ತಿನ್ನೋದು ಸ್ವಾಮಿ!"

ಹಿಂತಿರುಗುವಾಗ ಬಸ್ಸಿನಲ್ಲಿ ಗುಂಡಿಗೊಮ್ಮೆ ಕುಕ್ಕೆಯನ್ನು ಎತ್ತಿ ಹಿಡಿಯುತ್ತಿದ್ದ. "ಮೆಲ್ಲಗೆ ಓಡ್ಸಪ್ಪಾ, ರೋಗಿ ಅವ್ನೆ!" ಪುಣ್ಯಾತ್ಮರೊಬ್ಬರು ಎದ್ದು ಸೀಟು ಕೊಟ್ಟರು. ಕುಕ್ಕೆ ಬೊಗಳಿದ ಮೇಲೆ ವಾಪಸು ಕೇಳಿದರು!

ಬಸ್ಸಿಳಿದು ಊರಿಗೆ ನಡೆಯುತ್ತಿದ್ದೆವು. ನಡುಮಧ್ಯಾಹ್ನ. ತಿರುವಿನಲ್ಲಿ ಬಿದಿರು ಲಟಲಟನೆ ಮುರಿಯಿತು. ಮೂವತ್ತು ಮಾರು ದೂರದಲ್ಲಿ ಒಂಟಿ ಸಲಗ! ಅದರ ಕಿವಿಗಳೆರಡೂ ಅಗಲವಾದದ್ದು ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ.

"ಮಾವಾ, ಓಡು!" ಎಂದವನೇ ನಾನು ಓಡಿದೆ. ಮೋರಿಯೊಳಗೆ ನುಸುಳಿ ತಿರುಗಿ ನೋಡಿದರೆ, ಹುಂಜಕ್ಕೆ ದಾರಿ ಬಿಡುವ ಮಾವ ಕುಕ್ಕೆಯನ್ನು ಎದೆಗವಚಿಕೊಂಡು ರಸ್ತೆಯ ನಡುವೆ ನಿಂತೇ ಇದ್ದಾನೆ! ಭಯಕ್ಕೆ ಕಾಲು ಬರುತ್ತಿಲ್ಲ ಎಂದುಕೊಂಡೆ. ಸಲಗ ಎರಡು ಹೆಜ್ಜೆ ಮುಂದೆ ಬಂತು. ಧೂಳೆರಚಿತು. ಮಾವ ಕದಲಲಿಲ್ಲ. ಯಾವಾಗಲೋ ಅದು ರಸ್ತೆ ದಾಟಿ ಕಾಡಿಗಿಳಿಯಿತು. ಎಷ್ಟು ಹೊತ್ತಾಗಿತ್ತೋ, ನನಗೆ ಈಗಲೂ ತಿಳಿಯದು.

ಮೋರಿಯಿಂದ ತೆವಳಿ ಬಂದು ಕೇಳಿದೆ, "ಯಾಕೆ ಓಡ್ಲಿಲ್ಲ ಮಾವ?"

"ಓಡುದ್ರೆ ಕುಲುಕಲ್ವೇನ್ಲಾ? ಡಾಕ್ಟ್ರು ಏಳಿದ್ದು ಕೇಳುಸ್ಕಳಿಲ್ವಾ?"

ಕುಕ್ಕೆಯ ಮೇಲಿನ ಟವೆಲ್ ಸರಿಸಿ ನೋಡಿದ. ರಾಜ ನಿದ್ದೆ ಮಾಡುತ್ತಿತ್ತು. ಮಾವನ ಕೈ ನಡುಗತೊಡಗಿದ್ದು ಆಮೇಲೆಯೇ. ಕುಕ್ಕೆಯನ್ನು ಮೆಲ್ಲಗೆ ನನ್ನತ್ತ ಚಾಚಿದ.

"ನೀನ್ ಇಡ್ಕಳ್ಲಾ. ನನ್ ಕೈ ನಡುಗ್ತಾವೆ. ಪಾಪ, ಅವ್ನಿಗೆ ನೋವಾದೀತು."