ಮೀನಿನ ಹೊಟ್ಟೆಯೂ ಅಪ್ಪನ ಕೈಯೂ

ಚಳ್ಳಕೆರೆಯ ಕಾಲೇಜೊಂದರಲ್ಲಿ ಪಾಠ ಹೇಳುವವಳು ನಾನು. ಕೆರೆಮೀನಿನ ಕರುಳಲ್ಲಿರುವ ಬ್ಯಾಕ್ಟೀರಿಯಾದ ಬೆನ್ನು ಹತ್ತಿದ ಮೇಲೆ ವಾರಕ್ಕೊಮ್ಮೆಯಾದರೂ ನನ್ನ ಮರ್ಯಾದೆ ಹೋಗುತ್ತಲೇ ಇರುತ್ತದೆ. ಆದರೆ ಇದು ನಗೆಯಾಟದ ಕೆಲಸವಲ್ಲ. ಅಪ್ಪ ಮೊಳಕಾಲ್ಮುರಿನ ನೇಕಾರರು. ರೇಷ್ಮೆಯ ಅಂಟು ಬಿಡಿಸಲು ಸೋಪು, ಸೋಡಾದ ಬಿಸಿನೀರಲ್ಲಿ ಕೈಯಾಡಿಸಿ ಅವರ ಅಂಗೈ ಬಿರಿದು ರಕ್ತ ಬರುತ್ತಿತ್ತು. ಈ ಬ್ಯಾಕ್ಟೀರಿಯಾ ಬಿಡುವ ಕಿಣ್ವ ಅದೇ ಅಂಟನ್ನು ಉಗುರುಬೆಚ್ಚಗಿನ ನೀರಲ್ಲೇ ಕರಗಿಸುತ್ತದೆ. ಅದು ಸಿದ್ಧವಾಗುವವರೆಗೆ ಆ ಬಿಸಿನೀರಿನ ತೊಟ್ಟಿ ಮುಟ್ಟಬೇಡಿ ಅಂತ ಅಪ್ಪನ ಹತ್ತಿರ ಹಟ ಹಿಡಿದೆ. ಅಂಗೈಯ ಬಿರುಕು ಮಾಯಿತು, ಆದರೆ ಕೆಲಸವಿಲ್ಲದೆ ಕೂತು ಅಪ್ಪ ಸೊರಗಿದರು.

ಕರುಳು ಸಾಕು

ಮೀನು ಮಾರುವ ಹೆಂಗಸಿಗೆ, "ಮೀನು ಬ್ಯಾಡ, ಕರುಳಷ್ಟೇ ಕೊಡ್ರಿ" ಅಂದೆ.

"ಮನೇಲಿ ಬೆಕ್ಕೈತಾ?"

"ಇಲ್ಲ."

"ನಾಯಿ?"

"ಇಲ್ರಿ, ನನಗೇ ಬೇಕು."

ಆಕೆಯ ಕಣ್ಣು ತುಂಬಿತು. ದೊಡ್ಡದೊಂದು ಮೀನಿನ ತುಂಡು ನನ್ನ ಡಬ್ಬಿಗೆ ಹಾಕಿ, "ದುಡ್ಡು ಬ್ಯಾಡವ್ವ, ಇವತ್ತೊಂದಿನ ಹೊಟ್ಟೆತುಂಬ ಉಣ್ಣು" ಅಂದಳು. ಹುಟ್ಟಿದಾಗಿನಿಂದ ಮೀನು ತಿನ್ನದವಳು ನಾನು. ಕೈಮುಗಿದು ತಗೊಂಡೆ. ಮುಂದಿನ ವಾರ ಹೋದರೆ ಪಕ್ಕದ ಸೊಪ್ಪಿನವಳೂ ನನಗೆ ಒಂದು ಕಟ್ಟು ತೆಗೆದಿಟ್ಟಿದ್ದಳು.

ಸೀಟು

ಕೊನೆಗೂ ಕಿಣ್ವದ ನೀರು ಸಿದ್ಧವಾಯಿತು. ಕ್ಯಾನಿಗೆ ತುಂಬಿಕೊಂಡು ಊರಿನ ಬಸ್ ಹತ್ತಿದೆ. ತಳಕು ದಾಟುವಾಗ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನೈತೆ ಮೇಡಂ ಇದ್ರಾಗೆ?" ಅಂದ.

"ಬ್ಯಾಕ್ಟೀರಿಯಾದ ನೀರು" ಅಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ.

ಹಿಂದಿನ ಸೀಟುಗಳೆಲ್ಲ ಖಾಲಿಯಾದವು. ಕಂಡಕ್ಟರ್ ಆರಾಮಾಗಿ ಕಾಲು ಚಾಚಿ ಕೂತ. "ದಿನಾ ಇದೇ ಬಸ್ಸಿಗೆ ಬರ್ರಿ ಮೇಡಂ."

ಅರಿಶಿನ

ಅವ್ವ ಬಾಗಿಲಲ್ಲೇ ತಡೆದಳು. "ಮೀನಿನ ಹೊಟ್ಟೇದಾ? ಛೀ! ದೇವರಿಗೆ ಉಡಿಸೋ ಸೀರೆ ಕಣೇ!"

ಅಪ್ಪ ಒಳಗಿನಿಂದಲೇ, "ಲೇ, ರೇಷ್ಮೇನೇ ಹುಳದ ಎಂಜಲು. ಸುಮ್ನಿರು" ಅಂದರು.

ಅವ್ವ ಸುಮ್ಮನಾದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ತೊಟ್ಟಿಗೆ ಕಿಣ್ವದ ನೀರು ಸುರಿದು, ನಾನೂ ಅಪ್ಪನೂ ಊಟ ಮುಗಿಸಿ ಬಂದೆವು. ಅಪ್ಪ ಬಿಳಿ ರೇಷ್ಮೆಯ ಲಡಿ ಅದ್ದಿ, ಹೆದರುತ್ತಲೇ ಕೈ ಇಳಿಸಿದರು.

"ಉರೀತೈತಾ ಅಪ್ಪ?"

"ಇಲ್ಲ ಕಣವ್ವ... ಏನೂ ಇಲ್ಲ."

ನನಗೆ ಅಳು ಬಂತು. ಸುಮಾರು ಹೊತ್ತಾದ ಮೇಲೆ ಅಪ್ಪ ಲಡಿ ಎತ್ತಿದರು. ಅಂಟು ಪೂರ್ತಿ ಬಿಟ್ಟು ನೂಲು ನುಣ್ಣಗಾಗಿತ್ತು. ಜೊತೆಗೆ ಹಳದಿಯಾಗಿತ್ತು. ನಮ್ಮ ಊಟದ ಹೊತ್ತಲ್ಲಿ ಅವ್ವ ಮೈಲಿಗೆ ಕಳೆಯಲೆಂದು ತೊಟ್ಟಿಗೆ ಒಂದು ಬೊಗಸೆ ಅರಿಶಿನ ಕಲಸಿಬಿಟ್ಟಿದ್ದಳು. ನನ್ನ ನೀರೇ ಮಾಸಲಾಗಿದ್ದರಿಂದ ಯಾರಿಗೂ ತಿಳಿದಿರಲಿಲ್ಲ.

"ಅವ್ವಾ! ಏನು ಮಾಡಿದೆ?" ಅಂತ ಕೂಗಿದೆ.

ಅವ್ವನಿಗೆ ನನ್ನ ಕೂಗು ಕೇಳಿಸಲೇ ಇಲ್ಲ. ಮಣಿಕಟ್ಟಿನವರೆಗೂ ಹಳದಿಯಾದ ಅಪ್ಪನ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. "ನಮ್ ಮದ್ವೇಲಿ ಬಿರಿದ ಕೈಗೆ ಅರಿಶಿನ ಹಚ್ಚೋಕೆ ಹೋದ್ರೆ ಉರೀತೈತೆ ಅಂತ ಕೈ ಎಳ್ಕೊಂಡಿದ್ರು ನಿಮ್ಮಪ್ಪ."

ಅಪ್ಪ ಕೈ ಎಳೆದುಕೊಳ್ಳಲಿಲ್ಲ. "ಈಗ ಹಚ್ಚಿದ್ಯಲ್ಲ" ಅಂದರು. "ಇನ್ನು ತಾಳಿ ಕಟ್ಟಬಹುದು ಬಿಡು."